ಒಂಬತ್ತು ಜನರ ತಂಡದಲ್ಲಿ ಡೇಟಾಬೇಸ್ ಮೈಗ್ರೇಷನ್‌ಗಳ ಹೊಣೆಯನ್ನು ಯಾರು ಹೊರಬೇಕು?

ಬೆಳಗಿನಪಾಳಿ (ಮೂಲ ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಒಂಬತ್ತು ಜನ ಡೆವಲಪರ್‌ಗಳ ತಂಡ. ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುತ್ತೇವೆ. ಮೂರೇ ಜನರಿದ್ದ ಕಾಲದಲ್ಲಿ ಯಾರು ಯಾವ ಟೇಬಲ್ ಮುಟ್ಟುತ್ತಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು, ಹಾಗಾಗಿ ಮೈಗ್ರೇಷನ್ (ಡೇಟಾಬೇಸ್‌ನ ರಚನೆಯನ್ನು ಬದಲಿಸುವ ಆದೇಶಗಳ ಫೈಲು) ಒಂದು ಸಮಸ್ಯೆ ಎಂದು ಅನ್ನಿಸಿಯೇ ಇರಲಿಲ್ಲ. ಈಗ ವಾರಕ್ಕೆ ಎರಡು ಮೂರು ಸಲವಾದರೂ ಇಬ್ಬರ ಬ್ರಾಂಚ್‌ಗಳಲ್ಲಿ (ಕೋಡ್‌ನ ಪ್ರತ್ಯೇಕ ಕವಲುಗಳಲ್ಲಿ) ಒಂದೇ ಸಂಖ್ಯೆಯ ಮೈಗ್ರೇಷನ್ ಫೈಲುಗಳು ಹುಟ್ಟುತ್ತವೆ. ಕೋಡ್‌ನ ಬದಲಾವಣೆಗಳನ್ನು ನಿರ್ವಹಿಸುವ ಗಿಟ್ ಅವೆರಡನ್ನೂ ತಕರಾರಿಲ್ಲದೆ ಸೇರಿಸಿಕೊಳ್ಳುತ್ತದೆ, ಆಮೇಲೆ ಡಿಪ್ಲಾಯ್ ಮಾಡುವ, ಅಂದರೆ ಹೊಸ ಕೋಡ್ ಅನ್ನು ಸರ್ವರ್‌ಗೆ ಹಾಕುವ ಹೊತ್ತಿಗೆ ಸರಿಯಾಗಿ ಜಾಂಗೋ ಮುಂದೆ ಹೋಗಲು ಒಪ್ಪುವುದಿಲ್ಲ.

ಇದನ್ನು ಹೇಗೋ ಸಹಿಸಿಕೊಂಡಿದ್ದೆವು. ಆದರೆ ಕಳೆದ ವಾರ ನಡೆದದ್ದು ಬೇರೆಯದೇ ಸಂಗತಿ. ಆರ್ಡರ್‌ಗಳ ಟೇಬಲ್‌ಗೆ ಒಂದು ಕಾಲಂ ಸೇರಿಸಬೇಕಿತ್ತು. ಖಾಲಿ ಬಿಡಬಹುದಾದ, ಡೀಫಾಲ್ಟ್ ಇಲ್ಲದ, ಅತ್ಯಂತ ಸರಳ ಕಾಲಂ ಅದು. ಪರೀಕ್ಷೆಗೆಂದು ಇರುವ ಸ್ಟೇಜಿಂಗ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದ ಆ ಮೈಗ್ರೇಷನ್, ಬಳಕೆದಾರರಿಗೆ ನಿಜವಾಗಿ ಸೇವೆ ಕೊಡುವ ಪ್ರೊಡಕ್ಷನ್‌ನಲ್ಲಿ ಹನ್ನೊಂದು ನಿಮಿಷ ನಿಂತೇ ಇತ್ತು. ಆ ಹನ್ನೊಂದು ನಿಮಿಷವೂ ಆರ್ಡರ್‌ಗಳನ್ನು ಬರೆಯುವುದಷ್ಟೇ ಅಲ್ಲ, ಓದುವುದೂ ನಿಂತುಹೋಗಿತ್ತು. ಕೊನೆಗೆ ಮೈಗ್ರೇಷನ್ ಅನ್ನು ರದ್ದು ಮಾಡಿದ ಮರುಕ್ಷಣವೇ ಎಲ್ಲವೂ ಮೊದಲಿನಂತೆ ನಡೆಯತೊಡಗಿತು. ಕಾಲಂ ಸೇರಿಸುವುದು ಕ್ಷಣದ ಕೆಲಸವಾಗಿದ್ದರೆ ಹೀಗೇಕಾಯಿತು? ಇಂಥದ್ದು ಮರುಕಳಿಸದಂತೆ ಮೈಗ್ರೇಷನ್‌ಗಳ ಹೊಣೆಯನ್ನು ಒಬ್ಬರಿಗೇ ವಹಿಸಬೇಕೆಂದು ತಂಡದಲ್ಲಿ ಕೆಲವರು ಹೇಳುತ್ತಿದ್ದಾರೆ. ನಿಮ್ಮ ತಂಡಗಳಲ್ಲಿ ಹೇಗೆ ಮಾಡುತ್ತೀರಿ?

ಕೀಲಿಕೈ:

ಆ ಹೊತ್ತಿನಲ್ಲಿ ಅದೇ ಟೇಬಲ್ ಮೇಲೆ ಯಾವುದಾದರೂ ದೀರ್ಘ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಓಡುತ್ತಿತ್ತೇ ಎಂದು ಮೊದಲು ತಿಳಿಸಿ.

ಬೆಳಗಿನಪಾಳಿ:

ಹೌದು, ತಿಂಗಳ ಕೊನೆಯ ಒಂದು ವರದಿ ಓಡುತ್ತಿತ್ತು. ಆದರೆ ಅದು ಬರೀ ಓದುವ ಕ್ವೆರಿ, ಏನನ್ನೂ ಬದಲಿಸುವುದಿಲ್ಲ.

ಕೀಲಿಕೈ:

ಹಾಗಿದ್ದರೆ ಕಾರಣ ಅಲ್ಲೇ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಓದುವ ಕ್ವೆರಿ ಕೂಡ ಟೇಬಲ್ ಮೇಲೆ ಒಂದು ಹಗುರವಾದ ಲಾಕ್ (ಟೇಬಲ್ ಬಳಕೆಯಲ್ಲಿದೆ ಎಂಬ ಬೀಗ) ಹಿಡಿದಿರುತ್ತದೆ. ಅದು ಬೇರೆ ಓದುವವರಿಗಾಗಲಿ ಬರೆಯುವವರಿಗಾಗಲಿ ಅಡ್ಡಿಯಾಗುವುದಿಲ್ಲ. ಆದರೆ ಕಾಲಂ ಸೇರಿಸುವ ಆಲ್ಟರ್ ಟೇಬಲ್ ಆದೇಶಕ್ಕೆ ಬೇಕಾಗುವುದು ಎಲ್ಲಕ್ಕಿಂತ ಕಠಿಣವಾದ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್. ಅದು ಯಾರೊಂದಿಗೂ ಹೊಂದಿಕೊಳ್ಳುವುದಿಲ್ಲವಾದ್ದರಿಂದ ನಿಮ್ಮ ವರದಿ ಮುಗಿಯುವವರೆಗೆ ಕಾಯುತ್ತಾ ನಿಂತಿತು. ಇಲ್ಲಿಯವರೆಗೂ ತೊಂದರೆಯಿಲ್ಲ. ತೊಂದರೆ ಇರುವುದು ಅದರ ಹಿಂದೆ ಬೆಳೆದ ಸರದಿಯಲ್ಲಿ. ಆಲ್ಟರ್ ಕಾಯುತ್ತಿರುವಾಗ ಹೊಸದಾಗಿ ಬಂದ ಪ್ರತಿಯೊಂದು ಸೆಲೆಕ್ಟ್ (ಓದುವ ಆದೇಶ) ಕೂಡ ಅದರ ಹಿಂದೆಯೇ ನಿಲ್ಲಬೇಕಾಗುತ್ತದೆ, ಏಕೆಂದರೆ ಅವು ಕೇಳುತ್ತಿರುವ ಲಾಕ್ ಈಗಾಗಲೇ ಸರದಿಯಲ್ಲಿರುವ ಕಠಿಣ ಲಾಕ್‌ಗೆ ವಿರುದ್ಧವಾದದ್ದು. ಅಂದರೆ ನಿಮ್ಮ ಮೈಗ್ರೇಷನ್ ಆ ಹನ್ನೊಂದು ನಿಮಿಷ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಒಳಗೆ ಹೋಗುವವರನ್ನೆಲ್ಲ ತಡೆದಿತ್ತು. ರದ್ದು ಮಾಡಿದೊಡನೆ ಎಲ್ಲವೂ ಸರಿಹೋದದ್ದು ಅದಕ್ಕೇ.

ಪರಿಹಾರ ಸರಳವಾಗಿದೆ. ಮೈಗ್ರೇಷನ್ ಓಡಿಸುವ ಸೆಷನ್‌ನಲ್ಲಿ ಲಾಕ್ ಟೈಮ್‌ಔಟ್ ಅನ್ನು ಎರಡು ಮೂರು ಸೆಕೆಂಡುಗಳಿಗೆ ಹೊಂದಿಸಿ. ಅಷ್ಟರೊಳಗೆ ಲಾಕ್ ಸಿಗದಿದ್ದರೆ ಆದೇಶ ತಾನಾಗಿ ವಿಫಲವಾಗುತ್ತದೆ, ಸರದಿ ಕರಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಇದರ ಡೀಫಾಲ್ಟ್ ಮೌಲ್ಯ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಕಾಯುವುದು ಎಂದರ್ಥ.

ಶೂನ್ಯಸೂಚಿ:

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರು ಇದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಾರದು. ಅಲ್ಲಿ ಮೆಟಾಡೇಟಾ ಲಾಕ್ ಎಂಬ ಹೆಸರಿನಲ್ಲಿ ಇದೇ ಸರದಿ ಬೆಳೆಯುತ್ತದೆ. ಲಾಕ್ ವೇಟ್ ಟೈಮ್‌ಔಟ್‌ನ ಡೀಫಾಲ್ಟ್ ಮೌಲ್ಯ 31536000 ಸೆಕೆಂಡುಗಳು, ಅಂದರೆ ಸರಿಯಾಗಿ 365 ದಿನಗಳು.

ಮಿಂಚುಹುಳ:

ಕೀಲಿಕೈ ಅವರೇ, ಎರಡು ಸೆಕೆಂಡಿನ ಮಿತಿ ಹಾಕಿದರೆ ದಟ್ಟಣೆಯಿರುವ ಟೇಬಲ್ ಮೇಲೆ ಮೈಗ್ರೇಷನ್ ಎಂದಿಗೂ ಓಡುವುದಿಲ್ಲವಲ್ಲ? ನಾವು ಹಾಗೆ ಮಾಡಿದಾಗ ಡಿಪ್ಲಾಯ್ ಪ್ರತಿ ಸಲವೂ ಕೆಂಪಾಗುತ್ತಿತ್ತು, ಕೊನೆಗೆ ಬೇಸತ್ತು ಮಿತಿಯನ್ನೇ ತೆಗೆದುಬಿಟ್ಟೆವು.

ಕೀಲಿಕೈ:

ಚಿಕ್ಕ ಚಿಕ್ಕ ಕ್ವೆರಿಗಳ ದಟ್ಟಣೆ ಎಷ್ಟೇ ಇದ್ದರೂ ಲಾಕ್ ಸಾಮಾನ್ಯವಾಗಿ ಮಿಲಿಸೆಕೆಂಡುಗಳಲ್ಲಿ ಸಿಗುತ್ತದೆ. ನಿಮಗೆ ಪ್ರತಿ ಸಲವೂ ಸಿಗುತ್ತಿರಲಿಲ್ಲವೆಂದರೆ ಎಲ್ಲೋ ಒಂದು ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕಾದ ಇಲ್ಲವೇ ಪೂರ್ತಿ ರದ್ದಾಗಬೇಕಾದ ಕೆಲಸಗಳ ಗುಂಪು) ತೆರೆದುಕೊಂಡೇ ಕುಳಿತಿತ್ತು ಎಂದರ್ಥ. ಟ್ರಾನ್ಸಾಕ್ಷನ್ ತೆರೆದು, ಒಂದು ಸಾಲು ಓದಿ, ಹೊರಗಿನ ಯಾವುದೋ ಎಪಿಐ ಉತ್ತರಕ್ಕಾಗಿ ಕಾಯುವ ಕೋಡ್ ಇದಕ್ಕೆ ಸಾಮಾನ್ಯ ಕಾರಣ. ಈಗ ಏನೇನು ಓಡುತ್ತಿದೆ ಎಂದು ತೋರಿಸುವ ಸ್ಟಾಟ್ ಆಕ್ಟಿವಿಟಿ ನೋಟದಲ್ಲಿ ಅದು ಐಡಲ್ ಇನ್ ಟ್ರಾನ್ಸಾಕ್ಷನ್ ಎಂದು ಕಾಣಿಸುತ್ತದೆ. ಮಿತಿಯನ್ನು ತೆಗೆದದ್ದರಿಂದ ನೀವು ಎಚ್ಚರಿಕೆಯ ಗಂಟೆಯನ್ನು ಬಿಚ್ಚಿಟ್ಟಂತಾಯಿತು. ದಯವಿಟ್ಟು ಮತ್ತೆ ಹಾಕಿ, ಐದಾರು ಸಲ ಮರುಪ್ರಯತ್ನ ಮಾಡುವ ಒಂದು ಚಿಕ್ಕ ಸ್ಕ್ರಿಪ್ಟ್ ಜೊತೆಗಿಡಿ.

ಸಾಲುಲೆಕ್ಕ:

ಫೈಲ್ ಸಂಖ್ಯೆಯ ಗೊಂದಲದ ಬಗ್ಗೆ ಯಾರೂ ಮಾತನಾಡಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಎರಡು ಬ್ರಾಂಚ್‌ಗಳು ಎರಡು ಬೇರೆ ಬೇರೆ ಹೆಸರಿನ ಫೈಲುಗಳನ್ನು ಸೇರಿಸಿದಾಗ ಗಿಟ್‌ನ ಕಣ್ಣಿಗೆ ಅಲ್ಲಿ ಘರ್ಷಣೆಯೇ ಇಲ್ಲ. ಹಾಗಾಗಿ ಗಿಟ್‌ಗೆ ಕಾಣುವಂತೆ ಘರ್ಷಣೆಯನ್ನು ನಾವೇ ಉಂಟುಮಾಡಬೇಕು. ಜಾಂಗೋ ಲೀನಿಯರ್ ಮೈಗ್ರೇಷನ್ಸ್ ಎಂಬ ಪ್ಯಾಕೇಜ್ ಇದನ್ನೇ ಮಾಡುತ್ತದೆ. ಪ್ರತಿ ಆ್ಯಪ್‌ನಲ್ಲಿ ಕೊನೆಯ ಮೈಗ್ರೇಷನ್‌ನ ಹೆಸರನ್ನು ಒಂದು ಸಾಲಿನ ಪಠ್ಯ ಫೈಲಿನಲ್ಲಿ ಬರೆದಿಡುತ್ತದೆ. ಇಬ್ಬರು ಆ ಸಾಲನ್ನು ಬದಲಿಸಿದರೆ ಎರಡನೆಯವರ ಮರ್ಜ್ (ಮುಖ್ಯ ಕೋಡ್‌ಗೆ ಸೇರಿಸುವುದು) ಅಲ್ಲೇ ನಿಲ್ಲುತ್ತದೆ, ಅವರು ತಮ್ಮ ಮೈಗ್ರೇಷನ್ ಅನ್ನು ಮೊದಲನೆಯದರ ಮುಂದಕ್ಕೆ ಜೋಡಿಸಿಕೊಳ್ಳುತ್ತಾರೆ. ರೂಬಿ ಭಾಷೆಯ ಚೌಕಟ್ಟಾದ ರೈಲ್ಸ್ ಬಳಸುವವರಿಗೆ ಸ್ಕೀಮಾ (ಡೇಟಾಬೇಸ್‌ನ ರಚನೆ) ಫೈಲಿನ ಆವೃತ್ತಿ ಸಾಲಿನಿಂದಾಗಿ ಇಂಥದ್ದೇ ಘರ್ಷಣೆ ತಾನಾಗಿ ಸಿಗುತ್ತದೆ.

ಎರಡು ಕವಲುಗಳನ್ನು ಜೋಡಿಸುವ ಜಾಂಗೋದ ಮರ್ಜ್ ಮೈಗ್ರೇಷನ್ ಸಾಲದೇ ಎಂದು ಕೆಲವರು ಕೇಳಬಹುದು. ಬೇರೆ ಬೇರೆ ಟೇಬಲ್‌ಗಳಾದರೆ ಸಾಕು. ಒಂದೇ ಟೇಬಲ್‌ನ ಮೇಲಾದರೆ ನನಗೆ ಅದರಲ್ಲಿ ನಂಬಿಕೆಯಿಲ್ಲ, ಏಕೆಂದರೆ ಯಾವುದು ಮೊದಲು ಓಡಬೇಕು ಎಂಬ ತೀರ್ಮಾನವನ್ನು ಅದು ಯಾರ ಕೈಗೂ ಕೊಡುವುದಿಲ್ಲ.

ಹಳೆಗಂಟು:

ಫ್ಲೈವೇ ಎಂಬ ಮೈಗ್ರೇಷನ್ ಸಾಧನ ಬಳಸುವಾಗ ನಮಗೂ ಇದೇ ಆಗುತ್ತಿತ್ತು. ಇಬ್ಬರೂ 42ನೇ ಆವೃತ್ತಿ ಬರೆದರೆ ಅದು ಕೂಡಲೇ ದೋಷ ತೋರಿಸುತ್ತದೆ, ಅದು ಒಳ್ಳೆಯದೇ. 43 ಆಗಲೇ ಪ್ರೊಡಕ್ಷನ್‌ನಲ್ಲಿ ಓಡಿದ ಮೇಲೆ ತಡವಾಗಿ 42 ಮರ್ಜ್ ಆದರೆ ಮಾತ್ರ ಕಷ್ಟ. ಔಟ್ ಆಫ್ ಆರ್ಡರ್ ಆಯ್ಕೆಯನ್ನು ಚಾಲೂ ಮಾಡಿ ನುಗ್ಗಿಸಬಹುದು. ಆದರೆ ಹಾಗೆ ಮಾಡಿದರೆ ಪ್ರೊಡಕ್ಷನ್‌ನಲ್ಲಿ ಓಡಿದ ಕ್ರಮ ಒಂದು, ಹೊಸಬರ ಲ್ಯಾಪ್‌ಟಾಪ್‌ನಲ್ಲಿ ಓಡುವ ಕ್ರಮ ಇನ್ನೊಂದು ಎಂದಾಗುತ್ತದೆ. ಸಂಖ್ಯೆಯ ಬದಲು ದಿನಾಂಕ ಮತ್ತು ಸಮಯವನ್ನು ಹೆಸರಿಗೆ ಬಳಸುವುದರಿಂದ ಎರಡು ಫೈಲುಗಳಿಗೆ ಒಂದೇ ಹೆಸರು ಬರುವುದು ತಪ್ಪುತ್ತದೆ, ಕ್ರಮದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಒಂದು ನಿಯಮವನ್ನಂತೂ ಯಾರೂ ಮುರಿಯಬಾರದು. ಒಮ್ಮೆ ಮುಖ್ಯ ಬ್ರಾಂಚ್ ಸೇರಿದ ಮೈಗ್ರೇಷನ್ ಫೈಲನ್ನು ತಿದ್ದಕೂಡದು. ತಪ್ಪಿದ್ದರೆ ಸರಿಪಡಿಸುವ ಇನ್ನೊಂದು ಮೈಗ್ರೇಷನ್ ಬರೆಯಬೇಕು. ಫ್ಲೈವೇ ಚೆಕ್‌ಸಮ್ (ಫೈಲಿನ ಪಠ್ಯದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ನೋಡಿ ಇದನ್ನು ಹಿಡಿಯುತ್ತದೆ, ಜಾಂಗೋ ಹಿಡಿಯುವುದಿಲ್ಲ.

ನಿಧಾನಿ:

ಇಲ್ಲಿಯವರೆಗಿನ ಉತ್ತರಗಳೆಲ್ಲ ಸರಿಯಾಗಿಯೇ ಇವೆ. ಆದರೆ ಬೆಳಗಿನಪಾಳಿ ಅವರ ತಂಡ ಇನ್ನೂ ಎದುರಿಸದ, ಬೇಗನೆ ಎದುರಿಸಲಿರುವ ಸಮಸ್ಯೆಯ ಬಗ್ಗೆ ನಾನು ಹೇಳಬೇಕು. ಫೈಲ್ ಸಂಖ್ಯೆಯ ಗೊಂದಲ ಡಿಪ್ಲಾಯ್ ಅನ್ನು ನಿಲ್ಲಿಸುತ್ತದೆ, ಲಾಕ್‌ನ ಗೊಂದಲ ಕೆಲವು ನಿಮಿಷ ಸೇವೆಯನ್ನು ನಿಲ್ಲಿಸುತ್ತದೆ. ಇವೆರಡೂ ಕಣ್ಣಿಗೆ ಕಾಣುವಂಥವು. ಕೋಡ್ ಬದಲಾಗುವ ಗಳಿಗೆ ಬೇರೆ, ಸ್ಕೀಮಾ ಬದಲಾಗುವ ಗಳಿಗೆ ಬೇರೆ ಎಂಬುದು ಮಾತ್ರ ರಿವ್ಯೂ ಮಾಡುವವರ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಎರಡೂ ಒಂದೇ ಪುಟದಲ್ಲಿ, ಒಂದೇ ಕಾಲದಲ್ಲಿ ನಡೆಯುವ ಹಾಗೆ ಕಾಣಿಸುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಜಾಂಗೋದಲ್ಲಿ ನೀವು ಖಾಲಿ ಬಿಡಲಾಗದ, ಡೀಫಾಲ್ಟ್ ಇರುವ ಒಂದು ಕಾಲಂ ಸೇರಿಸುತ್ತೀರಿ. ಪೋಸ್ಟ್‌ಗ್ರೆಸ್ 11ರಿಂದ ಈಚೆಗೆ, ಡೀಫಾಲ್ಟ್ ಸ್ಥಿರ ಮೌಲ್ಯವಾಗಿದ್ದರೆ ಇದಕ್ಕಾಗಿ ಇಡೀ ಟೇಬಲ್ ಅನ್ನು ಮರುಬರೆಯಬೇಕಾಗಿಲ್ಲ, ಹಾಗಾಗಿ ಮೈಗ್ರೇಷನ್ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಜಾಂಗೋ ಆ ಡೀಫಾಲ್ಟ್ ಅನ್ನು ಡೇಟಾಬೇಸ್‌ನಲ್ಲಿ ಉಳಿಸುವುದಿಲ್ಲ. ಹಳೆಯ ಸಾಲುಗಳಿಗೆ ಮೌಲ್ಯ ತುಂಬಿದ ಮೇಲೆ ಡೀಫಾಲ್ಟ್ ಅನ್ನು ತೆಗೆದುಹಾಕುತ್ತದೆ. ಹೊಸ ಸಾಲಿಗೆ ಮೌಲ್ಯ ಕೊಡುವುದು ಪೈಥಾನ್ ಕೋಡ್‌ನ ಕೆಲಸ ಎಂಬುದು ಅದರ ನಿಲುವು. ಮೈಗ್ರೇಷನ್ ಮುಗಿದಿದೆ, ಹೊಸ ಕೋಡ್ ಎಂಟು ಸರ್ವರ್‌ಗಳ ಪೈಕಿ ಎರಡಕ್ಕೆ ಮಾತ್ರ ತಲುಪಿದೆ ಎಂದುಕೊಳ್ಳಿ. ಉಳಿದ ಆರರಲ್ಲಿ ಓಡುತ್ತಿರುವ ಹಳೆಯ ಕೋಡ್‌ಗೆ ಈ ಕಾಲಂ ಇರುವುದೇ ಗೊತ್ತಿಲ್ಲ. ಅದು ಹೊಸ ಸಾಲನ್ನು ಸೇರಿಸಲು ಹೋದಾಗ ಕಾಲಂ ಖಾಲಿಯಿದೆ ಎಂದು ಡೇಟಾಬೇಸ್ ತಿರಸ್ಕರಿಸುತ್ತದೆ. ಡಿಪ್ಲಾಯ್ ಮುಗಿಯುವ ಮೂರು ನಾಲ್ಕು ನಿಮಿಷ ಮಾತ್ರ ದೋಷಗಳು ಬಂದು ನಿಲ್ಲುತ್ತವೆ, ಎಲ್ಲರೂ ಅದನ್ನು ನೆಟ್‌ವರ್ಕ್‌ನ ತೊಂದರೆ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಹೀಗೆ ಹಲವು ತಿಂಗಳು ನಡೆದಿತ್ತು. ಜಾಂಗೋ 5.0ರಲ್ಲಿ ಬಂದ ಡಿಬಿ ಡೀಫಾಲ್ಟ್ ಆಯ್ಕೆಯನ್ನು ಬಳಸಿದರೆ ಡೀಫಾಲ್ಟ್ ಡೇಟಾಬೇಸ್‌ನಲ್ಲೇ ಉಳಿಯುತ್ತದೆ.

ಕಾಲಂ ತೆಗೆಯುವಾಗಲೂ ಅಷ್ಟೇ. ಜಾಂಗೋ ತನ್ನ ಸೆಲೆಕ್ಟ್‌ಗಳಲ್ಲಿ ಎಲ್ಲ ಕಾಲಂಗಳ ಹೆಸರನ್ನೂ ಒಂದೊಂದಾಗಿ ಬರೆಯುತ್ತದೆ. ಕಾಲಂ ಮಾಯವಾದ ಕ್ಷಣದಿಂದ ಹಳೆಯ ಕೋಡ್‌ನಿಂದ ಆ ಟೇಬಲ್ ಅನ್ನು ಓದಲೂ ಆಗುವುದಿಲ್ಲ. ಆದ್ದರಿಂದ ನಾನು ರಿವ್ಯೂ ಮಾಡುವಾಗ ಪ್ರತಿ ಮೈಗ್ರೇಷನ್‌ಗೂ ಕೇಳುವ ಪ್ರಶ್ನೆ ಒಂದೇ: ಇದು ಓಡಿ ಮುಗಿದ ಮೇಲೆ, ಈಗ ಪ್ರೊಡಕ್ಷನ್‌ನಲ್ಲಿರುವ ಹಳೆಯ ಕೋಡ್ ಇನ್ನೂ ಒಂದು ದಿನ ಓಡಬಲ್ಲುದೇ? ಇಲ್ಲವೆಂದಾದರೆ ಆ ಮೈಗ್ರೇಷನ್ ಅನ್ನು ಎರಡಾಗಿ ಒಡೆಯಲು ಹೇಳುತ್ತೇನೆ. ಹೊಸದನ್ನು ಸೇರಿಸುವುದು ಕೋಡ್‌ಗಿಂತ ಮೊದಲು, ಹಳೆಯದನ್ನು ತೆಗೆಯುವುದು ಕೋಡ್ ಹೋದ ಮೇಲೆ, ಅದೂ ಬೇರೊಂದು ದಿನ.

ಮಿಂಚುಹುಳ:

ನಿಧಾನಿ ಅವರ ಮಾತನ್ನು ಗೌರವಿಸುತ್ತಲೇ ವಿರೋಧಿಸುತ್ತೇನೆ. ಈ ಪದ್ಧತಿಯಲ್ಲಿ ಒಂದು ಕಾಲಂನ ಹೆಸರು ಬದಲಿಸಲು ಹೊಸ ಕಾಲಂ ಸೇರಿಸಬೇಕು, ಎರಡಕ್ಕೂ ಬರೆಯಬೇಕು, ಹಳೆಯ ಮೌಲ್ಯಗಳನ್ನು ನಕಲಿಸಬೇಕು, ಓದುವುದನ್ನು ಹೊಸದಕ್ಕೆ ತಿರುಗಿಸಬೇಕು, ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಬೇಕು, ಕೊನೆಗೆ ಅದನ್ನು ತೆಗೆಯಬೇಕು. ಒಂದು ಹೆಸರಿಗಾಗಿ ಇಷ್ಟು ಡಿಪ್ಲಾಯ್‌ಗಳೇ? ರಾತ್ರಿ ಎರಡು ನಿಮಿಷ ಸೇವೆ ನಿಲ್ಲಿಸಿ ಮುಗಿಸಬಹುದಾದ ತಂಡಗಳು ಸಾಕಷ್ಟಿವೆ. ಎಲ್ಲರೂ ದೊಡ್ಡ ವ್ಯವಸ್ಥೆಗಳನ್ನು ನಡೆಸುತ್ತಿಲ್ಲ.

ನಿಧಾನಿ:

ಸೇವೆಯನ್ನು ನಿಲ್ಲಿಸಲು ಅನುಮತಿಯಿರುವ ತಂಡ ಖಂಡಿತ ನಿಲ್ಲಿಸಲಿ, ಅದರಲ್ಲಿ ಅವಮಾನವೇನೂ ಇಲ್ಲ. ಮೊದಲೇ ತಿಳಿಸಿ ಎರಡು ನಿಮಿಷ ನಿಲ್ಲಿಸುವುದು ತಿಳಿಸದೆ ಹನ್ನೊಂದು ನಿಮಿಷ ನಿಲ್ಲುವುದಕ್ಕಿಂತ ಪ್ರಾಮಾಣಿಕವಾದದ್ದು. ಹೆಸರು ಬದಲಿಸುವ ವಿಷಯದಲ್ಲಿ ನನ್ನ ಸಲಹೆ ಇನ್ನೂ ಸರಳವಾಗಿದೆ. ಡೇಟಾಬೇಸ್‌ನಲ್ಲಿ ಹಳೆಯ ಹೆಸರನ್ನೇ ಇರಿಸಿಕೊಂಡು ಟೇಬಲ್ ಅನ್ನು ವಿವರಿಸುವ ಕೋಡ್ ಆದ ಮಾಡೆಲ್‌ನಲ್ಲಿ ಮಾತ್ರ ಹೊಸ ಹೆಸರು ಕೊಡಿ. ಜಾಂಗೋದಲ್ಲಿ ಅದಕ್ಕೆ ಡಿಬಿ ಕಾಲಂ ಎಂಬ ಆಯ್ಕೆಯಿದೆ. ನಾನು ನೋಡಿದ ಹೆಸರು ಬದಲಾವಣೆಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನಲ್ಲೇ ಮುಗಿಯಬಹುದಾಗಿದ್ದವು.

ಮಿಂಚುಹುಳ:

ಅದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಅಡಿಪಾಯ:

ಹಿಂದಕ್ಕೆ ಹೋಗುವ ಡೌನ್ ಮೈಗ್ರೇಷನ್‌ಗಳನ್ನು ಬರೆಯುತ್ತೀರಾ? ನಮ್ಮಲ್ಲಿ ಅದು ಕಡ್ಡಾಯ, ಆದರೆ ಪ್ರೊಡಕ್ಷನ್‌ನಲ್ಲಿ ಯಾರಾದರೂ ಒಮ್ಮೆಯಾದರೂ ಓಡಿಸಿದ್ದನ್ನು ನಾನು ನೋಡಿಲ್ಲ.

ಹಳೆಗಂಟು:

ಕಡ್ಡಾಯ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಲಂ ತೆಗೆಯುವ ಮೈಗ್ರೇಷನ್‌ನ ಡೌನ್ ಆ ಕಾಲಂ ಅನ್ನು ಮತ್ತೆ ಸೃಷ್ಟಿಸುತ್ತದೆಯೇ ಹೊರತು ಅದರಲ್ಲಿದ್ದ ಮಾಹಿತಿಯನ್ನು ತರುವುದಿಲ್ಲ. ಆದರೂ ಡೌನ್ ಇದೆಯಲ್ಲ ಎಂಬ ಧೈರ್ಯದಲ್ಲಿ ಜನ ಎಚ್ಚರ ತಪ್ಪುತ್ತಾರೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಡಿಪ್ಲಾಯ್ ಕೆಟ್ಟಾಗ ಗಾಬರಿಯಲ್ಲಿ ಡೌನ್ ಓಡಿಸಿದರು. ಕೆಟ್ಟಿದ್ದದ್ದು ಕೋಡ್, ಸ್ಕೀಮಾ ಅಲ್ಲ. ಡೌನ್ ಓಡಿದ್ದರಿಂದ ಹೊಸ ಟೇಬಲ್ ಅಳಿಸಿಹೋಯಿತು, ಜೊತೆಗೆ ಅಷ್ಟರೊಳಗೆ ಅದಕ್ಕೆ ಬಿದ್ದಿದ್ದ ನಲವತ್ತು ನಿಮಿಷಗಳ ನಮೂದುಗಳೂ ಹೋದವು. ಬ್ಯಾಕಪ್ ಹಿಂದಿನ ರಾತ್ರಿಯದ್ದು. ಆ ನಮೂದುಗಳನ್ನು ಲಾಗ್ ಫೈಲುಗಳಿಂದ ಒಂದೊಂದಾಗಿ ಹೆಕ್ಕಿ ತೆಗೆಯಲು ನಮಗೆ ಎರಡು ದಿನ ಹಿಡಿಯಿತು.

ಸಾಲುಲೆಕ್ಕ:

ಪ್ರೊಡಕ್ಷನ್‌ಗೆ ನಿಮ್ಮ ಮಾತು ಸರಿ. ಲ್ಯಾಪ್‌ಟಾಪ್‌ಗೆ ಸರಿಯಲ್ಲ. ದಿನಕ್ಕೆ ನಾಲ್ಕು ಬ್ರಾಂಚ್ ಬದಲಿಸುವ ಡೆವಲಪರ್‌ಗೆ ಡೌನ್ ಇಲ್ಲದಿದ್ದರೆ ಪ್ರತಿ ಸಲವೂ ಸ್ಥಳೀಯ ಡೇಟಾಬೇಸ್ ಅನ್ನು ಅಳಿಸಿ ಕಟ್ಟಬೇಕಾಗುತ್ತದೆ. ಡೌನ್ ಇರಲಿ, ಪ್ರೊಡಕ್ಷನ್‌ನಲ್ಲಿ ಅದನ್ನು ಓಡಿಸುವ ಅಧಿಕಾರ ಡಿಪ್ಲಾಯ್ ವ್ಯವಸ್ಥೆಗೆ ಇಲ್ಲದಿರಲಿ.

ಶೂನ್ಯಸೂಚಿ:

ಮೈಎಸ್‌ಕ್ಯೂಎಲ್‌ನವರಿಗೆ ಇನ್ನೊಂದು ಕಷ್ಟವಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಮೈಗ್ರೇಷನ್‌ನ ಮೂರು ಹೆಜ್ಜೆಗಳಲ್ಲಿ ಎರಡನೆಯದು ವಿಫಲವಾದರೆ ಟ್ರಾನ್ಸಾಕ್ಷನ್ ಪೂರ್ತಿಯಾಗಿ ಹಿಂದಕ್ಕೆ ಹೋಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಆಲ್ಟರ್ ಟೇಬಲ್ ತಾನಾಗಿಯೇ ಕಮಿಟ್ (ಖಾಯಂ) ಆಗುವುದರಿಂದ ಮೊದಲ ಹೆಜ್ಜೆ ಉಳಿದುಕೊಂಡಿರುತ್ತದೆ, ಮರಳಿ ಓಡಿಸಿದರೆ ಈ ಕಾಲಂ ಈಗಾಗಲೇ ಇದೆ ಎಂದು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಅದಕ್ಕಾಗಿ ನಾವು ಒಂದು ಫೈಲಿಗೆ ಒಂದೇ ಆದೇಶ ಎಂದು ನಿಯಮ ಮಾಡಿಕೊಂಡಿದ್ದೇವೆ. ದೊಡ್ಡ ಟೇಬಲ್ ಆದರೆ ಗೋಸ್ಟ್ (gh-ost) ಎಂಬ ಸಾಧನ ಬಳಸುತ್ತೇವೆ. ಅದು ಪಕ್ಕದಲ್ಲಿ ಹೊಸ ವಿನ್ಯಾಸದ ಖಾಲಿ ಟೇಬಲ್ ಕಟ್ಟಿ, ಹಳೆಯ ಸಾಲುಗಳನ್ನು ತುಂಡು ತುಂಡಾಗಿ ನಕಲಿಸುತ್ತಾ, ನಡುವೆ ಆಗುವ ಬದಲಾವಣೆಗಳನ್ನು ಬೈನರಿ ಲಾಗ್‌ನಿಂದ (ಬದಲಾವಣೆಗಳ ದಾಖಲೆಯಿಂದ) ಓದಿಕೊಂಡು, ಕೊನೆಗೆ ಹೆಸರುಗಳನ್ನು ಅದಲು ಬದಲು ಮಾಡುತ್ತದೆ. ಪರ್ಕೋನಾ ಕಂಪನಿಯ ಸಾಧನ ಇದನ್ನೇ ಟ್ರಿಗರ್‌ಗಳಿಂದ (ಸಾಲು ಬದಲಾದಾಗ ತಾನಾಗಿ ಓಡುವ ಆದೇಶಗಳಿಂದ) ಮಾಡುತ್ತದೆ. ಕಾಲಂ ಸೇರಿಸುವುದಷ್ಟೇ ಆದರೆ ಮೈಎಸ್‌ಕ್ಯೂಎಲ್ 8.0.12ರಿಂದ ಇರುವ ಇನ್‌ಸ್ಟಂಟ್ ವಿಧಾನ ಸಾಕು.

ಕೀಲಿಕೈ:

ಶೂನ್ಯಸೂಚಿ ಅವರ ಮಾತಿಗೆ ಒಂದು ತಿದ್ದುಪಡಿ. ಪೋಸ್ಟ್‌ಗ್ರೆಸ್‌ನಲ್ಲಿಯೂ ಎಲ್ಲವೂ ಟ್ರಾನ್ಸಾಕ್ಷನ್ ಒಳಗೆ ನಡೆಯುವುದಿಲ್ಲ. ಬರಹಗಳನ್ನು ತಡೆಯದೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿ) ಕಟ್ಟುವ ಕನ್ಕರೆಂಟ್ಲಿ ವಿಧಾನವನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸಲು ಬರುವುದಿಲ್ಲ. ಜಾಂಗೋದಲ್ಲಿ ಆ ಮೈಗ್ರೇಷನ್‌ಗೆ ಅಟಾಮಿಕ್ ಅನ್ನು ಫಾಲ್ಸ್ ಎಂದು ಬರೆಯಬೇಕು. ಅದು ನಡುವೆ ವಿಫಲವಾದರೆ ಅರ್ಧ ಕಟ್ಟಿದ ಇಂಡೆಕ್ಸ್ ಅಮಾನ್ಯ ಎಂಬ ಗುರುತಿನೊಂದಿಗೆ ಅಲ್ಲೇ ಉಳಿಯುತ್ತದೆ.

ಇದು ನಮಗೆ ತಂದ ತೊಂದರೆಯನ್ನು ವಿವರವಾಗಿ ಹೇಳಬೇಕು. ಆರು ಕೋಟಿ ಸಾಲುಗಳ ಟೇಬಲ್ ಮೇಲೆ ಇಂಡೆಕ್ಸ್ ಕಟ್ಟುವ ಮೈಗ್ರೇಷನ್ ಸಮಯ ಮೀರಿ ವಿಫಲವಾಯಿತು. ಮರಳಿ ಓಡಿಸಿದಾಗ ಒಂದು ಸೆಕೆಂಡಿನೊಳಗೆ ಯಶಸ್ವಿಯಾಯಿತು, ನಾವು ಸಮಾಧಾನದಿಂದ ಮುಂದಿನ ಕೆಲಸಕ್ಕೆ ಹೋದೆವು. ಆದರೆ ಮೂರು ವಾರವಾದರೂ ಆ ಇಂಡೆಕ್ಸ್‌ನಿಂದ ವೇಗವಾಗಬೇಕಿದ್ದ ಪುಟ ಮೊದಲಿನಷ್ಟೇ ನಿಧಾನವಾಗಿತ್ತು. ಟೇಬಲ್‌ನ ವಿವರ ತೆಗೆದು ನೋಡಿದರೆ ಇಂಡೆಕ್ಸ್‌ನ ಹೆಸರಿದೆ, ಪಕ್ಕದಲ್ಲಿ ಇನ್‌ವ್ಯಾಲಿಡ್ ಎಂಬ ಪದವಿದೆ. ಮೈಗ್ರೇಷನ್ ಬರೆದವರು ಮುಂಜಾಗ್ರತೆಯೆಂದು ಈಗಾಗಲೇ ಇಲ್ಲದಿದ್ದರೆ ಮಾತ್ರ ಕಟ್ಟು ಎಂದು ಸೇರಿಸಿದ್ದರು. ಆ ಷರತ್ತು ನೋಡುವುದು ಹೆಸರನ್ನು ಮಾತ್ರ, ಇಂಡೆಕ್ಸ್ ಸರಿಯಾಗಿದೆಯೇ ಎಂಬುದನ್ನಲ್ಲ. ಅಷ್ಟು ದಿನವೂ ಆ ಇಂಡೆಕ್ಸ್ ಯಾವ ಕ್ವೆರಿಗೂ ಉಪಯೋಗಕ್ಕೆ ಬರಲಿಲ್ಲ, ಪ್ರತಿ ಬರಹದ ಭಾರವನ್ನು ಮಾತ್ರ ಹೆಚ್ಚಿಸುತ್ತಿತ್ತು. ಈಗ ನಾವು ಪ್ರತಿ ಡಿಪ್ಲಾಯ್ ನಂತರ ಪಿಜಿ ಇಂಡೆಕ್ಸ್ ಕ್ಯಾಟಲಾಗ್‌ನಲ್ಲಿ ಅಮಾನ್ಯ ಇಂಡೆಕ್ಸ್ ಇದೆಯೇ ಎಂದು ನೋಡುವ ಒಂದು ಚಿಕ್ಕ ಪರೀಕ್ಷೆ ಓಡಿಸುತ್ತೇವೆ.

ತೆರೆದಬಾಗಿಲು:

ಸ್ಟೇಜಿಂಗ್‌ನಲ್ಲಿ ಎಷ್ಟು ಸಾಲುಗಳಿವೆ ಎಂದು ಯಾರೂ ಕೇಳಲಿಲ್ಲ. ನಾನೂರು ಸಾಲುಗಳ ಟೇಬಲ್ ಮೇಲೆ ಯಾವ ಮೈಗ್ರೇಷನ್ ಆದರೂ ಕ್ಷಣದಲ್ಲಿ ಮುಗಿಯುತ್ತದೆ.

ಬೆಳಗಿನಪಾಳಿ:

ತೆರೆದಬಾಗಿಲು ಅವರೇ, ನಮ್ಮ ಸ್ಟೇಜಿಂಗ್‌ನಲ್ಲಿ ಸುಮಾರು ಎರಡು ಸಾವಿರ ಸಾಲುಗಳಿವೆ, ಪ್ರೊಡಕ್ಷನ್‌ನಲ್ಲಿ ಮೂರು ಕೋಟಿಗೂ ಮೇಲೆ. ಮುಂದಿನ ತಿಂಗಳು ಇದೇ ಟೇಬಲ್‌ನ ಒಂದು ಹೊಸ ಕಾಲಂಗೆ ಹಳೆಯ ಸಾಲುಗಳಿಂದ ಮೌಲ್ಯ ತುಂಬಬೇಕಾಗಿದೆ. ಒಂದೇ ಅಪ್‌ಡೇಟ್‌ನಲ್ಲಿ ಮಾಡಬಹುದೇ?

ನಿಧಾನಿ:

ಬೇಡ. ಪೋಸ್ಟ್‌ಗ್ರೆಸ್ ಸಾಲನ್ನು ಇದ್ದಲ್ಲೇ ತಿದ್ದುವುದಿಲ್ಲ, ಹೊಸ ಪ್ರತಿಯೊಂದನ್ನು ಬರೆದು ಹಳೆಯದನ್ನು ಆಮೇಲೆ ಗುಡಿಸುವ ವ್ಯಾಕ್ಯೂಮ್‌ಗೆ ಬಿಡುತ್ತದೆ. ಮೂರು ಕೋಟಿ ಸಾಲುಗಳನ್ನು ಒಮ್ಮೆಗೇ ಬದಲಿಸಿದರೆ ಟೇಬಲ್ ಹೆಚ್ಚು ಕಡಿಮೆ ಎರಡರಷ್ಟು ಉಬ್ಬುತ್ತದೆ, ಅಷ್ಟೂ ಸಾಲುಗಳ ಲಾಕ್ ಕೊನೆಯವರೆಗೆ ಬಿಡುಗಡೆಯಾಗುವುದಿಲ್ಲ, ರೆಪ್ಲಿಕಾಗಳು (ಡೇಟಾಬೇಸ್‌ನ ನಕಲು ಸರ್ವರ್‌ಗಳು) ಹಿಂದೆ ಬೀಳುತ್ತವೆ. ಪ್ರೈಮರಿ ಕೀಯ (ಪ್ರತಿ ಸಾಲಿನ ಗುರುತಿನ ಸಂಖ್ಯೆಯ) ವ್ಯಾಪ್ತಿ ಹಿಡಿದು ಒಂದು ಸಲಕ್ಕೆ ಐದು ಸಾವಿರ ಸಾಲುಗಳಂತೆ ತುಂಬಿ, ಪ್ರತಿ ತುಂಡಿಗೂ ಕಮಿಟ್ ಮಾಡಿ, ನಡುವೆ ರೆಪ್ಲಿಕಾ ಎಷ್ಟು ಹಿಂದಿದೆ ಎಂದು ನೋಡಿ. ಇಷ್ಟು ಸಾಲು ಬಿಟ್ಟು ಮುಂದಿನವನ್ನು ಕೊಡು ಎನ್ನುವ ಆಫ್‌ಸೆಟ್ ಬಳಸಬೇಡಿ, ಮುಂದೆ ಹೋದಷ್ಟೂ ಅದು ನಿಧಾನವಾಗುತ್ತದೆ. ಎಲ್ಲಿಯವರೆಗೆ ಆಗಿದೆ ಎಂಬುದನ್ನು ಒಂದು ಕಡೆ ಬರೆದಿಟ್ಟುಕೊಂಡರೆ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಮೈಗ್ರೇಷನ್ ಫೈಲಿನಲ್ಲಿ ಬರೆಯಬೇಡಿ. ಗಂಟೆಗಟ್ಟಲೆ ಓಡುವ ಕೆಲಸಕ್ಕೆ ಡಿಪ್ಲಾಯ್ ಕಾಯಬಾರದು. ಪ್ರತ್ಯೇಕ ಕಮಾಂಡ್ ಆಗಿ ಬರೆದು, ಹಗಲಿನಲ್ಲಿ, ತಂಡವೆಲ್ಲ ಎಚ್ಚರವಾಗಿರುವಾಗ ಓಡಿಸಿ.

ಎಲ್ಲ ತುಂಬಿದ ಮೇಲೆ ಕಾಲಂ ಖಾಲಿ ಬಿಡಬಾರದೆಂಬ ನಿಯಮ ಹಾಕುವುದಿದ್ದರೆ, ಮೊದಲು ಅದನ್ನು ಚೆಕ್ ಕನ್‌ಸ್ಟ್ರೇಂಟ್ ಆಗಿ ನಾಟ್ ವ್ಯಾಲಿಡ್ (ಹಳೆಯ ಸಾಲುಗಳನ್ನು ಈಗ ಪರೀಕ್ಷಿಸಬೇಡ) ಎಂದು ಸೇರಿಸಿ, ಆಮೇಲೆ ಪ್ರತ್ಯೇಕವಾಗಿ ವ್ಯಾಲಿಡೇಟ್ ಮಾಡಿ. ಟೇಬಲ್ ಪೂರ್ತಿ ಓದುವ ಆ ಎರಡನೆಯ ಹೆಜ್ಜೆ ಓದು ಬರಹಗಳನ್ನು ತಡೆಯುವುದಿಲ್ಲ. ಪೋಸ್ಟ್‌ಗ್ರೆಸ್ 12ರಿಂದ ಈಚೆಗೆ ಇಂಥ ಕನ್‌ಸ್ಟ್ರೇಂಟ್ ಇದ್ದರೆ ನಾಟ್ ನಲ್ ಹಾಕುವಾಗ ಟೇಬಲ್ ಅನ್ನು ಮತ್ತೆ ಓದಬೇಕಾಗುವುದಿಲ್ಲ.

ಅಡಿಪಾಯ:

ನಾವು ಆ್ಯಪ್ ಶುರುವಾಗುವಾಗಲೇ ಮೈಗ್ರೇಷನ್ ಓಡಿಸುತ್ತೇವೆ, ಪ್ರತ್ಯೇಕ ಹೆಜ್ಜೆ ಇಟ್ಟುಕೊಂಡಿಲ್ಲ. ಇದುವರೆಗೆ ತೊಂದರೆಯಾಗಿಲ್ಲ.

ಹಳೆಗಂಟು:

ಅಡಿಪಾಯ ಅವರೇ, ತೊಂದರೆಯಾಗುವ ದಿನ ಅದು ಕೆಟ್ಟದಾಗಿ ಆಗುತ್ತದೆ. ನಾವು ಲಿಕ್ವಿಬೇಸ್ ಎಂಬ ಮೈಗ್ರೇಷನ್ ಸಾಧನವನ್ನು ಹಾಗೆಯೇ ಬಳಸುತ್ತಿದ್ದೆವು. ಒಂದು ದೀರ್ಘ ಮೈಗ್ರೇಷನ್ ಓಡುತ್ತಿರುವಾಗ ಆ್ಯಪ್ ಉತ್ತರಿಸುತ್ತಿಲ್ಲವೆಂದು ಆ್ಯಪ್‌ನ ಪ್ರತಿಗಳನ್ನು ನಡೆಸುವ ಕುಬರ್ನೆಟೀಸ್ ಆ ಪಾಡ್ ಅನ್ನು (ಓಡುತ್ತಿದ್ದ ಪ್ರತಿಯನ್ನು) ಕೊಂದುಹಾಕಿತು. ಲಿಕ್ವಿಬೇಸ್ ತನ್ನ ಲಾಕ್ ಅನ್ನು ಒಂದು ಟೇಬಲ್‌ನ ಸಾಲಾಗಿ ಬರೆದಿಡುತ್ತದೆ. ಬರೆದ ಪ್ರಕ್ರಿಯೆ ಸತ್ತರೂ ಸಾಲು ಉಳಿಯಿತು, ಆಮೇಲೆ ಎದ್ದ ಪ್ರತಿ ಪಾಡ್ ಕೂಡ ಲಾಕ್‌ಗಾಗಿ ಕಾಯುತ್ತಾ, ಉತ್ತರಿಸದೆ, ತಾನೂ ಸಾಯುತ್ತಾ ಹೋಯಿತು. ಕೈಯಿಂದ ಲಾಕ್ ಬಿಡಿಸುವವರೆಗೆ ಒಂದೂ ಮೇಲೇಳಲಿಲ್ಲ. ರೈಲ್ಸ್ ಅಡ್ವೈಸರಿ ಲಾಕ್ ಬಳಸುವುದರಿಂದ ಸಂಪರ್ಕ ಕಡಿದೊಡನೆ ಅದು ತಾನಾಗಿ ಬಿಡುಗಡೆಯಾಗುತ್ತದೆ. ಜಾಂಗೋ ಯಾವ ಲಾಕನ್ನೂ ಹಿಡಿಯುವುದಿಲ್ಲವಾದ್ದರಿಂದ ಅಲ್ಲಿ ಎರಡು ಪ್ರತಿಗಳು ಒಟ್ಟಿಗೇ ಶುರುವಾದರೆ ಒಂದೇ ಮೈಗ್ರೇಷನ್ ಅನ್ನು ಎರಡೂ ಓಡಿಸಲು ಹೊರಡಬಹುದು.

ಅಡಿಪಾಯ:

ಇದನ್ನು ಓದಿದ ಮೇಲೆ ನಾಳೆಯೇ ಬದಲಿಸುತ್ತೇವೆ. ಧನ್ಯವಾದಗಳು.

ಸಾಲುಲೆಕ್ಕ:

ಮೂಲ ಪ್ರಶ್ನೆಗೆ ಬರೋಣ. ಹೊಣೆಯನ್ನು ಒಬ್ಬರಿಗೇ ಕೊಡುವುದನ್ನು ನಾನು ಒಪ್ಪುವುದಿಲ್ಲ. ಆ ಒಬ್ಬರು ರಜೆಯಲ್ಲಿದ್ದಾಗ ಕೆಲಸ ನಿಲ್ಲುತ್ತದೆ, ಉಳಿದ ಎಂಟು ಜನ ಏನನ್ನೂ ಕಲಿಯುವುದಿಲ್ಲ. ಯಂತ್ರ ಹಿಡಿಯಬಹುದಾದದ್ದನ್ನು ಯಂತ್ರವೇ ಹಿಡಿಯಲಿ. ಪೋಸ್ಟ್‌ಗ್ರೆಸ್‌ಗೆ ಸ್ಕ್ವಾಕ್, ರೈಲ್ಸ್‌ಗೆ ಸ್ಟ್ರಾಂಗ್ ಮೈಗ್ರೇಷನ್ಸ್ ಎಂಬ ತಪಾಸಣಾ ಸಾಧನಗಳಿವೆ. ಇಂಡೆಕ್ಸ್ ಅನ್ನು ಕನ್ಕರೆಂಟ್ಲಿ ಇಲ್ಲದೆ ಕಟ್ಟುವುದು, ಕಾಲಂನ ವಿಧ ಬದಲಿಸುವುದು ಮುಂತಾದವನ್ನು ಅವು ಮರ್ಜ್‌ಗೆ ಮೊದಲೇ ತೋರಿಸಿಕೊಡುತ್ತವೆ.

ಕೀಲಿಕೈ:

ಅರ್ಧ ಒಪ್ಪುತ್ತೇನೆ. ಆ ಟೇಬಲ್ ಎಷ್ಟು ದೊಡ್ಡದು, ಯಾವ ಹೊತ್ತಿನಲ್ಲಿ ದಟ್ಟಣೆಯಿರುತ್ತದೆ ಎಂಬುದು ಸ್ಕ್ವಾಕ್‌ಗೆ ಗೊತ್ತಿಲ್ಲ. ಬರೆಯುವುದು ಎಲ್ಲರೂ ಆಗಲಿ, ದೊಡ್ಡ ಐದಾರು ಟೇಬಲ್‌ಗಳ ಪಟ್ಟಿ ಮಾಡಿ ಅವುಗಳನ್ನು ಮುಟ್ಟುವ ಮೈಗ್ರೇಷನ್‌ಗೆ ಮಾತ್ರ ಎರಡನೆಯ ಕಣ್ಣು ಕಡ್ಡಾಯವಾಗಲಿ. ಆ ಪಟ್ಟಿ ತಯಾರಿಸುವಾಗ ಪ್ರೈಮರಿ ಕೀ ಇನ್ನೂ ನಾಲ್ಕು ಬೈಟಿನ ಇಂಟಿಜರ್ ಆಗಿದೆಯೇ ಎಂದೂ ನೋಡಿಕೊಳ್ಳಿ. ಅದರ ಮಿತಿ 2,14,74,83,647. ಅಲ್ಲಿಗೆ ತಲುಪಿದ ಮೇಲೆ ಹೊಸ ಸಾಲು ಸೇರುವುದಿಲ್ಲ, ಎಂಟು ಬೈಟಿನ ಬಿಗ್‌ಇಂಟ್‌ಗೆ ಬದಲಿಸಲು ಹೋದರೆ ಇಡೀ ಟೇಬಲ್ ಕಠಿಣ ಲಾಕ್ ಅಡಿಯಲ್ಲಿ ಮರುಬರಹವಾಗುತ್ತದೆ. ಅರ್ಧ ದಾರಿಯಲ್ಲಿರುವಾಗಲೇ ಶುರು ಮಾಡಬೇಕಾದ ಕೆಲಸ ಅದು.

ಬೆಳಗಿನಪಾಳಿ:

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಒಬ್ಬರಿಗೇ ಹೊಣೆ ಕೊಡುವ ಯೋಚನೆಯನ್ನು ಕೈಬಿಟ್ಟೆವು. ಕೊನೆಯ ಮೈಗ್ರೇಷನ್‌ನ ಹೆಸರಿನ ಫೈಲ್ ಈಗ ಪ್ರತಿ ಆ್ಯಪ್‌ನಲ್ಲೂ ಇದೆ. ಅಂದಿನಿಂದ ನಾಲ್ಕು ಘರ್ಷಣೆಗಳು ಬಂದಿವೆ, ನಾಲ್ಕೂ ಬ್ರಾಂಚ್‌ನಲ್ಲೇ ಬಗೆಹರಿದಿವೆ. ಲಾಕ್ ಟೈಮ್‌ಔಟ್ ಎರಡು ಸೆಕೆಂಡು ಇದೆ. ಅಂದು ಹನ್ನೊಂದು ನಿಮಿಷ ನಿಂತ ಅದೇ ಕಾಲಂ ಮೂರನೆಯ ಪ್ರಯತ್ನದಲ್ಲಿ ಸೇರಿಕೊಂಡಿತು, ಯಾರಿಗೂ ಗೊತ್ತೇ ಆಗಲಿಲ್ಲ. ಮೈಗ್ರೇಷನ್ ಮತ್ತು ಅದನ್ನು ಬಳಸುವ ಕೋಡ್ ಬೇರೆ ಬೇರೆ ಪುಲ್ ರಿಕ್ವೆಸ್ಟ್‌ಗಳಾಗಿರಬೇಕು ಎಂಬ ನಿಯಮಕ್ಕೆ ಮೊದಲು ವಿರೋಧವಿತ್ತು. ನಿಧಾನಿ ಅವರು ಹೇಳಿದ ಎಂಟು ಸರ್ವರ್‌ಗಳ ಉದಾಹರಣೆಯನ್ನು ಬೋರ್ಡ್ ಮೇಲೆ ಬರೆದು ತೋರಿಸಿದ ಮೇಲೆ, ನಮ್ಮ ಹಳೆಯ ದೋಷ ವರದಿಗಳಲ್ಲಿ ಅಂಥ ಮೂರು ನಾಲ್ಕು ನಿಮಿಷಗಳ ಗುಂಪುಗಳನ್ನು ಒಬ್ಬರು ತಾವೇ ಹುಡುಕಿ ತಂದರು.

ಈಗ ಒಂದು ಹಳೆಯ ಕಾಲಂ ತೆಗೆಯುವುದು ಬಾಕಿಯಿದೆ. ಕೋಡ್‌ನಲ್ಲಿ ಅದರ ಹೆಸರು ಎಲ್ಲಿಯೂ ಉಳಿದಿಲ್ಲ. ಅದರ ಮೇಲಿನ ಓದುವ ಅನುಮತಿಯನ್ನು ಒಂದು ವಾರ ಹಿಂತೆಗೆದು, ಯಾರಾದರೂ ದೂರುತ್ತಾರೆಯೇ ಎಂದು ನೋಡೋಣವೆಂದಿದ್ದೇನೆ.

ಕೀಲಿಕೈ:

ಇಡೀ ಟೇಬಲ್‌ಗೆ ಓದುವ ಅನುಮತಿ ಕೊಟ್ಟಿದ್ದರೆ ಒಂದು ಕಾಲಂನ ಅನುಮತಿಯನ್ನು ಮಾತ್ರ ಹಿಂತೆಗೆಯುವುದರಿಂದ ಪೋಸ್ಟ್‌ಗ್ರೆಸ್‌ನಲ್ಲಿ ಏನೂ ಆಗುವುದಿಲ್ಲ. ಟೇಬಲ್‌ನ ಅನುಮತಿಯೇ ನಡೆಯುತ್ತದೆ. ಟೇಬಲ್‌ನದ್ದನ್ನು ತೆಗೆದು, ಉಳಿದ ಕಾಲಂಗಳಿಗೆ ಒಂದೊಂದಾಗಿ ಕೊಡಬೇಕು. ಅದಕ್ಕಿಂತ ಮೊದಲು, ಓಡಿದ ಕ್ವೆರಿಗಳನ್ನು ತೋರಿಸುವ ಸ್ಟಾಟ್ ಸ್ಟೇಟ್‌ಮೆಂಟ್ಸ್ ನೋಟದಲ್ಲಿ ಆ ಕಾಲಂನ ಹೆಸರನ್ನು ಹುಡುಕಿ. ಆ ಟೇಬಲ್ ಮೇಲೆ ಎಲ್ಲ ಕಾಲಂಗಳನ್ನೂ ಒಟ್ಟಿಗೇ ಕೇಳುವ ನಕ್ಷತ್ರ ಚಿಹ್ನೆಯ ಸೆಲೆಕ್ಟ್ ಬಳಸುವ ಕ್ವೆರಿಗಳಿವೆಯೇ ಎಂದೂ ಪ್ರತ್ಯೇಕವಾಗಿ ನೋಡಿ, ಏಕೆಂದರೆ ಅವುಗಳಲ್ಲಿ ಕಾಲಂನ ಹೆಸರು ಕಾಣಿಸುವುದಿಲ್ಲ.

ಬೆಳಗಿನಪಾಳಿ:

ಹುಡುಕಿದೆ. ಲೆಕ್ಕಪತ್ರ ವಿಭಾಗದವರ ರಾತ್ರಿಯ ಸ್ಕ್ರಿಪ್ಟ್ ಒಂದು ನಕ್ಷತ್ರ ಚಿಹ್ನೆಯಿಂದಲೇ ಇಡೀ ಟೇಬಲ್ ಅನ್ನು ಓದುತ್ತಿದೆ, ಅದು ನಮ್ಮ ರೆಪಾಸಿಟರಿಯಲ್ಲಿಲ್ಲ. ಒಂಬತ್ತನೆಯ ಕಾಲಂ ಅನ್ನು ಸ್ಥಾನ ನೋಡಿಯೇ ಎತ್ತಿಕೊಳ್ಳುತ್ತದೆ, ನಾವು ತೆಗೆಯಲಿದ್ದದ್ದು ಏಳನೆಯದು; ಅದು ಹೋದರೆ ಒಂಬತ್ತನೆಯ ಸ್ಥಾನಕ್ಕೆ ಬೇರೆ ಕಾಲಂ ಬಂದುಬಿಡುತ್ತದೆ. ಅವರೊಂದಿಗೆ ಸೋಮವಾರ ಕುಳಿತು ಹೆಸರುಗಳನ್ನು ಬರೆಯುತ್ತೇವೆ, ಕಾಲಂ ಅಲ್ಲಿಯವರೆಗೆ ಇರುತ್ತದೆ.